ಸೊಗಡಿನ ಋಣ

ಬೆಂಗಳೂರಿಗೆ ಆ ಹೆಸರು ಹೇಗೆ ಬಂತೆಂಬುದಕ್ಕೆ ಒಂದು ಕಥೆಯುಂಟು. ಶಾಲೆಯ ಮಕ್ಕಳಿಗೂ ಅದು ಗೊತ್ತು. ಬೇಟೆಗೆ ಹೋದ ವೀರಬಲ್ಲಾಳರಾಯ ದಾರಿ ತಪ್ಪಿ, ಹಸಿದು, ಕಾಡಿನ ನಡುವೆ ಒಂದು ಗುಡಿಸಲಿನ ಮುಂದೆ ನಿಂತ. ಒಳಗಿದ್ದ ಮುದುಕಿ ತನ್ನಲ್ಲಿದ್ದ ಬೆಂದ ಕಾಳನ್ನು ಕೊಟ್ಟಳು. ಅರಸು ತಿಂದು ತೃಪ್ತನಾಗಿ ಆ ಎಡೆಗೆ ಬೆಂದಕಾಳೂರು ಎಂದು ಹೆಸರಿಟ್ಟ. ಇತಿಹಾಸ ಬಲ್ಲವರು ಇದನ್ನು ಒಪ್ಪುವುದಿಲ್ಲ. ಬಲ್ಲಾಳನಿಗೆ ಸುಮಾರು ಮುನ್ನೂರು ವರ್ಷ ಮೊದಲೇ, ಕ್ರಿ.ಶ. 890ರ ಹೊತ್ತಿನ ಬೇಗೂರಿನ ಕಲ್ಲಿನಲ್ಲಿ ಬೆಂಗಳೂರೆಂಬ ಹೆಸರು ಇದೆ. ಆದರೆ ಒಂದು ಊರು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಕಥೆ ಸುಳ್ಳಾಗಿದ್ದರೂ ನಿರರ್ಥಕವಲ್ಲ. ಈ ಕಥೆಯಲ್ಲಿ ನನಗೆ ಬಹಳ ದಿನದಿಂದ ಒಂದು ಸಂದೇಹ: ಮುದುಕಿಗೆ ಏನು ಸಿಕ್ಕಿತು? ಊರಿಗೆ ಹೆಸರು ಸಿಕ್ಕಿತು. ಅರಸನಿಗೆ ಕೃತಜ್ಞನೆಂಬ ಕೀರ್ತಿ ಸಿಕ್ಕಿತು. ಮುದುಕಿಯ ಮಡಕೆಗೆ ಮರುದಿನ ಕಾಳು ಬಿತ್ತೇ ಎಂಬುದನ್ನು ಮಾತ್ರ ಕಥೆ ಹೇಳುವುದಿಲ್ಲ.

ಈ ಸಂದೇಹ ಹೆಚ್ಚಾಗಿ ತಲೆಯೆತ್ತುವುದು ಸಂಕ್ರಾಂತಿಯ ಮುಂಚಿನ ದಿನಗಳಲ್ಲಿ. ಮಾಗಡಿಯ ಕಡೆಯ ಅವರೆಕಾಯಿ ಮೂಟೆಮೂಟೆಯಾಗಿ ಬೆಂಗಳೂರಿಗೆ ಬಂದಿಳಿಯುವ ಕಾಲ ಅದು. ಕೆಲವು ವರ್ಷಗಳಿಂದ ಅವರೆಯ ಹೆಸರಿನಲ್ಲಿ ನಗರದಲ್ಲಿ ಒಂದು ಮೇಳವೇ ನಡೆಯುತ್ತದೆ. ಮೊದಲು ಅದು ವಿಶ್ವೇಶ್ವರಪುರದ ತಿಂಡಿಬೀದಿಯಲ್ಲಿ ನಡೆಯುತ್ತಿತ್ತು. ಬೀದಿಗೆ ಜನ ಹಿಡಿಸದೆ 2023ರಲ್ಲಿ ನ್ಯಾಷನಲ್ ಕಾಲೇಜಿನ ಮೈದಾನಕ್ಕೆ ಹೋಯಿತು. ನೆನೆಹಾಕಿದ ಕಾಳನ್ನು ಒಂದೊಂದಾಗಿ ಎರಡು ಬೆರಳುಗಳ ನಡುವೆ ಹಿತುಕಿ ಸಿಪ್ಪೆ ಬಿಡಿಸಿದ ಬೇಳೆಯ ಸಾರು, ಅದೇ ಬೇಳೆಯನ್ನು ಮೇಲೆ ಉದುರಿಸಿದ ದೋಸೆ, ಹೋಳಿಗೆ, ಪಾಯಸ, ಕೊನೆಗೆ ಜಿಲೇಬಿ. ಅವರೆಬೇಳೆಯ ಜಿಲೇಬಿಯನ್ನು ಮೊದಲ ಸಲ ಕಂಡಾಗ ನಾನು ಅನುಮಾನದಿಂದಲೇ ಬಾಯಿಗಿಟ್ಟೆ. ತಿಂದ ಮೇಲೂ ಅನುಮಾನ ಪೂರ್ತಿ ಹೋಗಲಿಲ್ಲ. ಆದರೆ ಕೈ ಮಾತ್ರ ಎರಡನೆಯದಕ್ಕೆ ತಾನಾಗಿಯೇ ಹೋಯಿತು.

ಅವರೆಯ ಹೆಚ್ಚಳವೆಲ್ಲ ಅದರ ಸೊಗಡಿನಲ್ಲಿದೆ. ಕಾಯಿಯ ಮೈಮೇಲೆ ಜಿಡ್ಡಾಗಿ ಕುಳಿತು, ಸುಲಿದ ಬೆರಳಿಗೆ ಅಂಟಿ, ಸಾಬೂನಿಗೂ ಬಗ್ಗದೆ ಒಂದು ದಿನವೆಲ್ಲ ಉಳಿಯುವ ಆ ವಾಸನೆಗೆ ಬೇರೆ ಹೆಸರಿಲ್ಲ. ವರ್ಷವೆಲ್ಲ ಬಿಡುವ ಹೆಬ್ಬಾಳ ಅವರೆಯ ತಳಿಗಳನ್ನು ಕೃಷಿ ವಿಶ್ವವಿದ್ಯಾನಿಲಯದವರು ಕೊಟ್ಟಿದ್ದಾರೆ, ಒಳ್ಳೆಯದೇ. ಆದರೆ ಹಗಲು ಕಿರಿದಾಗುವುದನ್ನು ಕಾದಿದ್ದು ಹೂಬಿಡುವ ನಾಟಿ ಅವರೆ, ಮಾಗಿಯ ಇಬ್ಬನಿಯಲ್ಲಿ ತೊಯ್ದು ಬಂದಾಗ ಇರುವ ಸೊಗಡು ಅದರದಲ್ಲ ಎಂದು ನಮ್ಮ ಹೆಂಗಸರು ಮೂಗಿನಿಂದಲೇ ತೀರ್ಪು ಕೊಡುತ್ತಾರೆ. ನಾಟಿ ಅವರೆಗೆ ತನ್ನದೇ ಹೊಲವೆಂಬುದೂ ಇಲ್ಲ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅದು ಬೆಳೆಯುತ್ತದೆ. ರಾಗಿ ಕೊಯ್ಲಾದ ಮೇಲೂ ನಿಂತಿದ್ದು ಕಾಯಿ ಕೊಡುತ್ತದೆ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಟ್ಟು ನೆಲಕ್ಕೆ ಬಿಟ್ಟುಹೋಗುತ್ತದೆ. ತಾನುಂಡ ನೆಲಕ್ಕೆ ತಿರುಗಿ ಉಣ್ಣಿಸುವ ಗಿಡ ಅದು. ಈ ಮಾತನ್ನು ನೆನಪಿಟ್ಟುಕೊಳ್ಳಬೇಕೆಂದು ವಾಚಕರನ್ನು ಕೇಳಿಕೊಳ್ಳುತ್ತೇನೆ.

ಇಂಥ ಹಬ್ಬಗಳು ನಮ್ಮಲ್ಲಿ ಮಾತ್ರ ಇರುವುವಲ್ಲ. ಫಿಲಿಪೀನ್ಸ್ ದ್ವೀಪಗಳ ಇಲೋಕೋಸ್ ಸೀಮೆಯಲ್ಲಿ ಊರಿಗೊಂದು ಹಬ್ಬ. ವಿಗಾನ್ ಎಂಬ ಊರು ತನ್ನ ಲೊಂಗನಿಸ ಎಂಬ ಮಾಂಸದ ತಿನಿಸಿನ ಹೆಸರಿನಲ್ಲಿ ಉತ್ಸವ ಮಾಡಿದರೆ, ಸಿನಾಯ್ತ್ ಎಂಬ ಊರು ಬೆಳ್ಳುಳ್ಳಿಯ ಹೆಸರಿನಲ್ಲಿ ಮಾಡುತ್ತದೆ. ಬೆಳ್ಳುಳ್ಳಿಗೆ ಉತ್ಸವವೇ ಎಂದು ಮೂಗು ಮುರಿಯುವವರು ಕಡಲೆಕಾಯಿ ಪರಿಷೆಯನ್ನು ನೆನೆದುಕೊಂಡರೆ ಸಾಕು. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು 1994ರಲ್ಲಿ ತೆರೆದ ಜಾನಪದ ಲೋಕದಲ್ಲಿ ಲೋಕೋತ್ಸವವಾದಾಗ ನಮ್ಮ ಡೊಳ್ಳು, ಪೂಜಾಕುಣಿತ, ಪಟಕುಣಿತಗಳನ್ನು ನೋಡಲು ಪಟ್ಟಣಿಗರು ಹೋಗುತ್ತಾರೆ. ನವರಾತ್ರಿ ಬಂದರೆ ಚನ್ನಪಟ್ಟಣದ ಗೊಂಬೆ ನಮ್ಮ ಮನೆಯ ಮೆಟ್ಟಿಲೇರುತ್ತದೆ.

ಇವೆಲ್ಲ ಸಂತೋಷದ ವಿಷಯಗಳು. ಇವು ನಡೆಯಬಾರದೆಂದು ಹೇಳುವ ಗಂಟುಮುಖದವನು ನಾನಲ್ಲ. ನನ್ನ ಪ್ರಶ್ನೆ ಬೇರೆ. ನಾವು ಒಂದು ತಿನಿಸನ್ನೋ ಒಂದು ಕಸಬನ್ನೋ ಹಾಡಿ ಹೊಗಳಿ ಹಬ್ಬ ಮಾಡಿದಾಗ, ಅದನ್ನು ನಮಗೆ ಕೊಟ್ಟವರ ಋಣ ತೀರುತ್ತದೆಯೇ? ಅಥವಾ ತೀರಿತೆಂಬ ಸಮಾಧಾನವನ್ನು ನಮಗೆ ನಾವೇ ಕೊಟ್ಟುಕೊಳ್ಳುವ ವಿಧಾನವೇ ಈ ಹೊಗಳಿಕೆ?

ಹೊಗಳಿಕೆಯಲ್ಲಿ ಒಂದು ತೊಡಕಿದೆ. ಅದರಿಂದ ಹೊಗಳಿಸಿಕೊಂಡವನಿಗಿಂತ ಹೊಗಳಿದವನಿಗೇ ಸುಖ ಹೆಚ್ಚು. ಚನ್ನಪಟ್ಟಣದ ಕುಶಲಿ ಹಾಲೆಮರದ ತುಂಡನ್ನು ಚರಕಿಗೆ ಸಿಕ್ಕಿಸಿ ಕಡೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ತಾಳೆಹೂವಿನ ಗರಿಯನ್ನು ಒತ್ತಿದರೆ ಹೊಳಪು ಬರುತ್ತದೆ. 2005-06ರಲ್ಲಿ ಈ ಗೊಂಬೆಗೆ ಭೌಗೋಳಿಕ ಸೂಚಕದ ಮುದ್ರೆ ಬಿತ್ತು. ಅಂಗಡಿಯಲ್ಲಿ ನಿಂತ ಗಿರಾಕಿ, “ಎಂಥ ಪರಂಪರೆ, ಎಂಥ ಕೈಚಳಕ!” ಎನ್ನುತ್ತಾನೆ. ಅದೇ ಉಸಿರಿನಲ್ಲಿ, “ಹತ್ತು ರೂಪಾಯಿ ಕಡಮೆ ಮಾಡಿಕೊಳ್ಳಿ” ಎನ್ನುತ್ತಾನೆ. ಪರಂಪರೆಗೆ ಹೊಗಳಿಕೆ, ಕೈಗೆ ಚೌಕಾಶಿ. ಇವೆರಡೂ ಒಂದೇ ಬಾಯಿಂದ ಬಂದಾಗ ಅವನಿಗೆ ಏನೂ ಅಸಂಗತವೆನಿಸುವುದಿಲ್ಲ. ಹೊಗಳಿದ್ದರಲ್ಲೇ ಅರ್ಧ ಬೆಲೆ ಕೊಟ್ಟಾಗಿದೆಯೆಂದು ಅವನ ಲೆಕ್ಕವಿರಬಹುದು.

ಈ ಮಾತನ್ನು ನನ್ನ ಬಾಲ್ಯದ ಗೆಳೆಯನೊಬ್ಬನ ಮುಂದೆ ಇಟ್ಟೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಜಮಾ ಖರ್ಚು ನೋಡಿದವನು. ಋಣದ ಮಾತನ್ನು ಭಾವದ ಮಾತಾಗಿ ಬಿಡುವವನಲ್ಲ. “ಅಲ್ಲಯ್ಯ, ಅವರೆಕಾಯಿ ಕೊಂಡೆ, ದುಡ್ಡು ಕೊಟ್ಟೆ. ಅಲ್ಲಿಗೆ ಖಾತೆ ಮುಗಿಯಿತು. ಇನ್ನು ಋಣವೆಲ್ಲಿಯದು? ನೀನು ಸುಮ್ಮನೆ ಬಡ್ಡಿ ಹಾಕುತ್ತಿದ್ದೀಯೆ” ಎಂದ.

ಅವನ ಮಾತಿನಲ್ಲಿ ತೂಕವಿದೆ. ಬೆಲೆ ಎಂಬುದು ದೊಡ್ಡ ನಾಗರಿಕ ಸಾಧನ. ಕೊಂಡವನೂ ಮಾರಿದವನೂ ಒಬ್ಬರ ಮುಖ ಒಬ್ಬರು ಮತ್ತೆ ನೋಡಬೇಕಾಗಿಲ್ಲ; ಯಾರೂ ಯಾರಿಗೂ ತಲೆ ಬಾಗಬೇಕಾಗಿಲ್ಲ. ಇದರ ಬೆಲೆ ಏನೆಂದು ತಿಳಿಯಬೇಕಾದರೆ ಹಳೆಯ ಕಣದ ಹಬ್ಬವನ್ನು ನೆನೆಯಬೇಕು. ಬೈರಮಂಗಲ, ಬಿಡದಿ, ಮಾಗಡಿಯ ಹಳ್ಳಿಗಳಲ್ಲಿ ರಾಗಿ ಬಡಿದು ತೂರಿ ರಾಶಿ ಮಾಡಿದ ಮೇಲೆ ಅದಕ್ಕೆ ಪೂಜೆಯಾಗುತ್ತಿತ್ತು. ಪೂಜೆಯಾದ ಮೇಲೆ, ರಾಶಿ ಮನೆಗೆ ಹೋಗುವ ಮೊದಲು, ಆಯಗಾರರ ಪಾಲು ಅಳೆಯಬೇಕು. ನೇಗಿಲು ಮಾಡಿದ ಬಡಗಿ, ಕುಳ ತಟ್ಟಿದ ಕಮ್ಮಾರ, ಮಡಕೆ ಕೊಟ್ಟ ಕುಂಬಾರ, ಬಟ್ಟೆ ಒಗೆದ ಮಡಿವಾಳ, ನೀರು ಬಿಟ್ಟ ನೀರುಗಂಟಿ, ಊರು ಕಾಯ್ದ ತೋಟಿ, ಎಲ್ಲರಿಗೂ ಮೊರದ ಲೆಕ್ಕದಲ್ಲಿ ರಾಗಿ ಹೋಗುತ್ತಿತ್ತು. ಹಬ್ಬವೆಂದರೆ ವರ್ಷದ ಲೆಕ್ಕ ತೀರಿಸುವ ದಿನ. ಉಂಡವನೂ ಕೊಟ್ಟವನೂ ಒಂದೇ ಕಣದಲ್ಲಿ ನಿಲ್ಲುತ್ತಿದ್ದರು.

ಆದರೆ ಹೇಗೆ ನಿಲ್ಲುತ್ತಿದ್ದರು? ಒಬ್ಬ ರಾಶಿಯ ಪಕ್ಕದಲ್ಲಿ, ಇನ್ನೊಬ್ಬ ಕಣದ ಅಂಚಿನಲ್ಲಿ, ಮತ್ತೊಬ್ಬ ಇನ್ನೂ ದೂರದಲ್ಲಿ. ಪಾಲು ಎಷ್ಟೆಂಬುದನ್ನು ದುಡಿಮೆ ನಿರ್ಧರಿಸಲಿಲ್ಲ, ಹುಟ್ಟು ನಿರ್ಧರಿಸಿತು. ಸಾಲದೆಂದು ಹೇಳುವ ಬಾಯಿ ತೋಟಿಗೆ ಇರಲಿಲ್ಲ. ಆ ಕಾಲವನ್ನು ಸುವರ್ಣಯುಗವೆಂದು ಬರೆಯುವ ಮಹಾಶಯರು ರಾಶಿಯ ಪಕ್ಕದಲ್ಲಿ ನಿಂತವರ ಮೊಮ್ಮಕ್ಕಳೆಂದು ನನಗೆ ಗುಮಾನಿ. ಇಂದಿನ ಮೇಳದಲ್ಲಿ ಕೈಯಲ್ಲಿ ಕಾಸಿದ್ದ ಯಾರು ಬೇಕಾದರೂ ಯಾರ ಪಕ್ಕದಲ್ಲಾದರೂ ನಿಂತು ದೋಸೆ ತಿನ್ನಬಹುದು. ಈ ಲಾಭವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಮೇಳದಿಂದ ಬೆಳೆಗಾರನಿಗೂ ನಾಲ್ಕು ಕಾಸು ಹೆಚ್ಚು ಸಿಗುವುದಾದರೆ ಅದನ್ನೂ ಅಲ್ಲಗಳೆಯುವುದಿಲ್ಲ.

ಹಾಗಾದರೆ ಗೆಳೆಯನ ಖಾತೆ ಸರಿಯಾಯಿತೇ? ಸರಿ, ಬೆಲೆ ಕಟ್ಟಿದ್ದಕ್ಕೆ ಮಾತ್ರ. ಬೆಲೆ ಕಟ್ಟದೆ ನಾವು ತೆಗೆದುಕೊಂಡದ್ದು, ಬೆಲೆ ಕಟ್ಟದೆ ನಾವು ಕೆಡಿಸಿದ್ದು ಅವನ ಜಮಾ ಖರ್ಚಿನಲ್ಲಿ ಎಲ್ಲಿಯೂ ಇಲ್ಲ. ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬಸವನಗುಡಿಗೆ ಹೋದರೆ ಸಾಕು.

ಅಲ್ಲಿಯದೂ ಒಂದು ಕಥೆಯೇ. ಸುಂಕೇನಹಳ್ಳಿ, ಗವಿಪುರ, ಗುಟ್ಟಹಳ್ಳಿ, ಮಾವಳ್ಳಿಗಳ ರೈತರು ಬೆಳೆದ ಕಡಲೆಕಾಯಿಯನ್ನು ಒಂದು ಬಸವ ಬಂದು ರಾತ್ರಿಯೆಲ್ಲ ಮೇಯುತ್ತಿತ್ತು. ರೈತರು ಕಾದಿದ್ದು ಅಟ್ಟಿಸಿಕೊಂಡು ಹೋದರು. ಅದು ಗುಡ್ಡದ ಮೇಲೆ ಕಲ್ಲಾಗಿ ಕುಳಿತಿತು. ಬೆನ್ನಟ್ಟಿದ್ದು ನಂದಿಯನ್ನೆಂದು ತಿಳಿದು ಪರಿತಪಿಸಿ, ಅಂದಿನಿಂದ ಮೊದಲ ಬೆಳೆಯನ್ನು ಅದಕ್ಕೇ ಅರ್ಪಿಸತೊಡಗಿದರು. ಇಂದಿಗೂ ಕಾರ್ತಿಕ ಮಾಸದ ಕಡೆಯ ಸೋಮವಾರ ಅಲ್ಲಿ ಪರಿಷೆ ಸೇರುತ್ತದೆ; ಬೀದಿಯ ಎರಡು ಬದಿಯಲ್ಲೂ ಕಡಲೆಕಾಯಿಯ ಗುಡ್ಡೆಗಳು.

ಬೆಂದಕಾಳೂರಿನ ಕಥೆಯ ಪಕ್ಕದಲ್ಲಿ ಈ ಕಥೆಯನ್ನು ಇಟ್ಟು ನೋಡಿ. ಅರಸ ಕಾಳು ತಿಂದು ಹೆಸರು ಕೊಟ್ಟ. ರೈತರು ಕಡಲೆಕಾಯಿಯ ತಕರಾರಿಗೆ ಕಡಲೆಕಾಯಿಯನ್ನೇ ತಂದು ಸುರಿದರು. ಬಸವನನ್ನು ಅವರು ಬರಿದೇ ಕೊಂಡಾಡಲಿಲ್ಲ. ಬಸವ ಏನನ್ನು ಬಯಸಿತ್ತೋ, ತಾವು ಏನನ್ನು ತಡೆದಿದ್ದರೋ ಅದನ್ನೇ ಕೊಟ್ಟರು. ಗುಡಿಯನ್ನು ಕಟ್ಟಿಸಿದವರು ಕೆಂಪೇಗೌಡರೆನ್ನುತ್ತಾರೆ. ಆದರೆ ಕಡಲೆಕಾಯಿಯನ್ನು ರೈತರೇ ಹೊತ್ತು ತಂದರು. ಅದನ್ನು ಗೌಡರ ಪಾಲಿಗೆ ಬಿಡಲಿಲ್ಲ. ಋಣ ಯಾವ ನಾಣ್ಯದಲ್ಲಿ ಆಯಿತೋ ಅದೇ ನಾಣ್ಯದಲ್ಲಿ ತೀರಬೇಕೆಂಬ ಈ ತಿಳಿವಳಿಕೆ ಅಕ್ಷರ ಕಲಿಯದ ರೈತರದು. ಅವರೆಯ ಗಿಡದ ಬೇರಿನಲ್ಲಿರುವುದೂ ಇದೇ ತಿಳಿವಳಿಕೆ.

ಇನ್ನು ಆ ಬಸವನ ಪಾದದ ಕಡೆ ನೋಡಬೇಕು. ಅಲ್ಲಿಯೇ ವೃಷಭಾವತಿ ಹುಟ್ಟುತ್ತಾಳೆಂಬುದು ಜನರ ನಂಬಿಕೆ, ಹೆಸರೂ ಅದರಿಂದಲೇ. ಬಸವನ ಪಾದದಿಂದ ಹೊರಟವಳು ನಗರದ ಮೋರಿಗಳನ್ನು ಕೂಡಿಕೊಂಡು, ಗಾಳಿ ಆಂಜನೇಯಸ್ವಾಮಿಯ ಗುಡಿಯ ಪಕ್ಕದಲ್ಲಿ ಹಾದು, ಮೈಸೂರು ರಸ್ತೆಯ ಜೊತೆಜೊತೆಗೆ ಕೆಂಗೇರಿ ದಾಟಿ, ಬಿಡದಿಯ ಬಳಿ ಬೈರಮಂಗಲದ ಕೆರೆಗೆ ಬಂದು ಸೇರುತ್ತಾಳೆ. ಬೆಂಗಳೂರಿಗೆ 1933ರಿಂದ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯ ನೀರು, 1974ರಿಂದ ಕಾವೇರಿಯ ನೀರು. ಎರಡೂ ಹಳ್ಳಿಗಾಡಿನ ಕಡೆಯಿಂದ ಬಂದದ್ದೇ. ಕುಡಿದು, ಮಿಂದು, ಒಗೆದು, ಕಾರ್ಖಾನೆಯಲ್ಲಿ ತೊಳೆದು ಉಳಿದದ್ದರಲ್ಲಿ ದೊಡ್ಡ ಪಾಲನ್ನು ನಾವು ಬೈರಮಂಗಲಕ್ಕೆ ಕಳಿಸುತ್ತೇವೆ. ಹನುಮಂತನಗರದ ನನ್ನ ಮನೆಯ ಬಚ್ಚಲ ನೀರು ಹೋಗುವುದೂ ಅಲ್ಲಿಗೇ.

1940ರ ದಶಕದಲ್ಲಿ ಆ ಕೆರೆಯನ್ನು ಕಟ್ಟಿದ್ದು ಗದ್ದೆಗೆ ನೀರುಣಿಸಲು. ಹೋದ ಚಳಿಗಾಲದಲ್ಲಿ ನಾನು ಅಲ್ಲಿಗೆ ಹೋದೆ. ಮೈಸೂರಿಗೆ ಹೋಗುವವರು ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲುತ್ತಾರೆ. ಎಡಕ್ಕೆ ತಿರುಗಿ ಬೈರಮಂಗಲಕ್ಕೆ ಹೋಗುವವರು ಕಡಮೆ. ತೂಬಿನ ಕೆಳಗೆ ಆಳೆತ್ತರದ ಬಿಳಿ ನೊರೆ. ಗಾಳಿ ಬೀಸಿದಾಗ ಅದರ ತುಣುಕುಗಳು ಹತ್ತಿಯಂತೆ ಹಾರಿ ತೆಂಗಿನ ತೋಟದ ಕಡೆ ಹೋಗುತ್ತಿದ್ದುವು. ದೂರದಿಂದ ನೋಡಿದವರು ಚೆಂದವೆಂದಾರು. ಬತ್ತ ಬೆಳೆಯುತ್ತಿದ್ದ ನೆಲದಲ್ಲಿ ಈಗ ಹೆಚ್ಚಾಗಿ ಸೀಮೆಹುಲ್ಲು, ಬೇಬಿ ಕಾರ್ನ್. ಹುಲ್ಲು ಹಸುವಿಗೆ, ಹಸುವಿನ ಹಾಲು ಡೈರಿಗೆ. ಅಲ್ಲಿಂದ ಮುಂದಿನ ದಾರಿಯನ್ನು ಬೆಳಗಿನ ಕಾಫಿ ಕುಡಿಯುವವರು ಊಹಿಸಬಹುದು.

ಏರಿಯ ಮೇಲೆ ಹುಲ್ಲಿನ ಹೊರೆ ಇಳಿಸಿ ಕುಳಿತಿದ್ದ ಯಜಮಾನರೊಬ್ಬರು, “ಏನ್ ಸ್ವಾಮಿ, ನೊರೆ ನೋಡಕ್ ಬಂದ್ರಾ? ಪೋಟ ಹಿಡಿಯೋರು ಬತ್ತಾನೇ ಇರ್ತಾರೆ” ಎಂದು ಮಾತಿಗೆಳೆದರು.

“ಈ ವಾಸನೆಯಲ್ಲಿ ಹೇಗಿರುತ್ತೀರಿ ಯಜಮಾನರೇ?” ಎಂದೆ.

“ವಾಸ್ನೆ ನಮಗೆ ಬಡಿಯಾಕಿಲ್ಲ ಸ್ವಾಮಿ. ರೂಢಿ ಆಗೋಗದೆ. ನೆಂಟ್ರು ಬಂದಾಗ ಅವ್ರ ಮೊಕ ನೋಡ್ತೀವಲ್ಲ, ಆಗ ಗೊತ್ತಾಯ್ತದೆ.” ಸ್ವಲ್ಪ ತಡೆದು ಮತ್ತೆ ಹೇಳಿದರು: “ಊರಹಬ್ಬಕ್ಕೆ ಎಲ್ರೂ ಬತ್ತಾರೆ. ಬಾಡೂಟ ಉಂತಾರೆ. ನೀರು ಮಾತ್ರ ಅವ್ರೇ ತಂದ್ಕಂಡಿರ್ತಾರೆ, ಬಾಟ್ಲೀಲಿ. ಕುಡೀರಿ ಅಂತ ನಾವೂ ಅನ್ನಾಕಿಲ್ಲ.”

ನಮ್ಮ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ನೀರು. ಕೈಕಾಲಿಗೆ ಒಂದು ಚೊಂಬು, ಕುಡಿಯಲು ಒಂದು ಲೋಟ; ಕುಶಲಪ್ರಶ್ನೆ ಆಮೇಲೆ. ಬಡವನಿಗೂ ಕೊಡಲು ಸಾಧ್ಯವಾಗಿದ್ದ ಆತಿಥ್ಯ ಇದೊಂದೇ. ಒಂದು ಊರನ್ನು ಬಿಟ್ಟು ಹೋಗುವಾಗ ‘ಇಲ್ಲಿಯ ನೀರಿನ ಋಣ ತೀರಿತು’ ಎನ್ನುತ್ತೇವೆ. ನಮ್ಮ ಭಾಷೆ ನೀರನ್ನು ಋಣಗಳ ಮೊದಲ ಸಾಲಿನಲ್ಲಿಟ್ಟಿದೆ. ತನ್ನ ಹಬ್ಬದ ದಿನ ತನ್ನ ನೆಂಟನಿಗೆ ತನ್ನ ನೀರನ್ನು ಕುಡಿ ಎನ್ನಲಾರದ ಊರಿಗೆ ಏನು ನಷ್ಟವಾಗಿದೆಯೆಂಬುದನ್ನು ಎಕರೆ ಲೆಕ್ಕದಲ್ಲಿ ಹೇಳಲು ಬರುವುದಿಲ್ಲ. ಬೆಳೆ ನಷ್ಟಕ್ಕೆ ಪರಿಹಾರದ ದರವುಂಟು. ಕೊಡುವವನ ಕೈಯನ್ನು ನಾವು ಕಟ್ಟಿಹಾಕಿದ್ದೇವೆ. ಅದಕ್ಕೆ ದರ ಎಲ್ಲಿದೆ?

ಹೊರಡುವಾಗ ಆ ಯಜಮಾನರು ತೋಟದಿಂದ ಎಳನೀರು ಇಳಿಸಿ ಕೊಚ್ಚಿ ಕೊಟ್ಟರು. “ಕುಡೀರಿ, ಇದು ಮೇಲಿನ ನೀರು” ಎಂದರು. ದುಡ್ಡು ಕೊಡಹೋದರೆ ಕೈ ಹಿಂದೆ ಕಟ್ಟಿಕೊಂಡರು. ಗೆಳೆಯನ ಖಾತೆಯ ಪುಸ್ತಕ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಹಿಂತಿರುಗಿ ಬಂದು ಇದನ್ನು ಅವನಿಗೆ ಹೇಳಿದೆ. ಅವನು ಸುಲಭವಾಗಿ ಬಿಡಲಿಲ್ಲ. ನೀರು ಶುದ್ಧ ಮಾಡುವುದು ಸರ್ಕಾರದ ಕೆಲಸ, ತಾನು ತೆರಿಗೆ ಕಟ್ಟಿದ್ದೇನೆ, ಶುದ್ಧೀಕರಣದ ಸ್ಥಾವರಗಳನ್ನು ಕಟ್ಟಿದ್ದಾರೆ, ಕಟ್ಟುತ್ತಲೂ ಇದ್ದಾರೆ, ಎಂದ. ಎಲ್ಲವೂ ನಿಜ. ಅಷ್ಟೆಲ್ಲ ಇದ್ದೂ ನೊರೆ ಇದೆ ಎಂಬುದೂ ನಿಜ. ತೆರಿಗೆ ಕಟ್ಟಿದವನಿಗೆ ಕಟ್ಟಿದ ಹಣ ಏನಾಯಿತೆಂದು ಕೇಳುವ ಹಕ್ಕು ಬರುತ್ತದೆ. ಕೇಳದೆ ಇರುವ ಹಕ್ಕು ಬರುತ್ತದೆಯೇ ಎಂಬುದು ನನ್ನ ಸಂದೇಹ. ನಮ್ಮ ಬೀದಿಯಲ್ಲಿ ನಲ್ಲಿಗೆ ಒಂದು ದಿನ ನೀರು ಬಾರದಿದ್ದರೆ ಇಡೀ ಬೀದಿ ಸಂಬಂಧಪಟ್ಟವರಿಗೆ ದೂರವಾಣಿ ಮಾಡುತ್ತದೆ. ಬಚ್ಚಲಿನಿಂದ ಹೋದ ನೀರು ಎಲ್ಲಿಗೆ ಹೋಯಿತು, ಹೇಗೆ ಹೋಯಿತು ಎಂದು ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಿದ್ದನ್ನು ನಾನು ಕಾಣೆ. ಒಳಬರುವ ನೀರಿಗೆ ನಾವೆಲ್ಲ ಪ್ರಜೆಗಳು; ಹೊರಹೋಗುವ ನೀರಿಗೆ ಯಾರೂ ಅಲ್ಲ.

“ಹಾಗಾದರೆ ನಾನೇನು ಮಾಡಬೇಕು? ಪರಿಷೆಗೆ ಹೋಗುವುದನ್ನು ಬಿಡಲೇ?” ಎಂದ ಗೆಳೆಯ.

ಬಿಡಬೇಕಾಗಿಲ್ಲ. ಬಿಟ್ಟರೆ ಕಡಲೆಕಾಯಿಯ ರೈತನಿಗೆ ನಷ್ಟ, ನಮಗೆ ಸಂತೋಷ ನಷ್ಟ, ಬೈರಮಂಗಲಕ್ಕೆ ಒಂದು ಹನಿಯ ಲಾಭವೂ ಇಲ್ಲ. ಪರಿಷೆಯಲ್ಲಿ ಕಡಲೆಕಾಯಿ ಕೊಂಡು, ಬಸವನಿಗೆ ಕೈಮುಗಿದು, ಅವನ ಪಾದದಿಂದ ಹೊರಟ ನೀರು ಈಗ ಎಲ್ಲಿ ಹೇಗಿದೆಯೆಂದು ಒಂದು ಸಲ ಹೋಗಿ ನೋಡಿಬರಬಹುದು. ನೋಡಿದವನು ಮನೆಯಲ್ಲಿ ಯಾವ ಒಗೆಯುವ ಪುಡಿ, ಎಷ್ಟು ಪುಡಿ ಎಂದು ಕೇಳಿಯಾನು. ಮತ ಕೇಳಲು ಬಂದವರನ್ನು ಮೋರಿಯ ವಿಷಯವಾಗಿ ನಿಲ್ಲಿಸಿ ಮಾತಾಡಿಯಾನು. ನೀರನ್ನು ಕೆಡಿಸಿದ ಋಣಕ್ಕೆ ನಾಣ್ಯ ನೀರೇ. ಅದನ್ನು ತಿಳಿಯಾಗಿ ಹಿಂದಕ್ಕೆ ಕೊಡದೆ ಬೇರೆ ಯಾವ ಉತ್ಸವದಿಂದಲೂ ಅದು ತೀರುವುದಿಲ್ಲ. ಸುಂಕೇನಹಳ್ಳಿಯ ರೈತರೂ ಒಬ್ಬೊಬ್ಬರು ತಂದದ್ದು ಒಂದೊಂದು ಬುಟ್ಟಿಯೇ ಇರಬೇಕು.

ಗೆಳೆಯ ಒಪ್ಪಿದನೆಂದು ಹೇಳಲಾರೆ. ಆದರೆ ಬೈರಮಂಗಲದ ಹೆಸರನ್ನು ಎಲ್ಲೋ ಕೇಳಿದ್ದೇನೆಂದು ಯೋಚಿಸತೊಡಗಿದ. ಕೇಳಿರಲೇಬೇಕು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಅದೇ ವರ್ಷ ಬೈರಮಂಗಲ ಮತ್ತು ಕಂಚುಗಾರನಹಳ್ಳಿ ಪಂಚಾಯತಿಗಳ ಒಂಬತ್ತು ಹಳ್ಳಿಗಳ ಜಮೀನನ್ನು ಹೊಸ ಉಪನಗರಕ್ಕೆ ತೆಗೆದುಕೊಳ್ಳುವ ಅಧಿಸೂಚನೆಯೂ ಹೊರಟಿತು. ರೈತರು ವಿರೋಧಿಸಿ ಧರಣಿ ಕುಳಿತರು. ಪತ್ರಿಕೆಗಳಲ್ಲೆಲ್ಲ ಬಂದಿತ್ತು.

“ನಿನಗೆ ಎಳನೀರು ಕೊಟ್ಟರಲ್ಲ, ಅವರ ತೋಟವೂ ಹೋಗುತ್ತದೆಯೇ?” ಎಂದು ಕೇಳಿದ.

“ಅಧಿಸೂಚನೆಯಲ್ಲಿ ಸೇರಿದೆಯಂತೆ” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಆ ಹೊಸ ಊರಿಗೆ ಏನು ಹೆಸರಿಡುತ್ತಾರಂತೆ?” ಎಂದ.